ದೇವತೆಗಳ ಕಣಿವೆಯಲ್ಲಿ ನಮ್ಮ ಮನೆಬಂಡಿ

ಅಮೆರಿಕದ ಯೂಟಾ ಸಂಸ್ಥಾನದ ಆಗ್ನೇಯ ಮೂಲೆಯಲ್ಲಿ ಮೆಕ್ಸಿಕನ್ ಹ್ಯಾಟ್ ಎಂಬ ಸಣ್ಣ ಊರಿದೆ. ಅದರ ಸಮೀಪದಲ್ಲಿ, ಕೆಂಪು ಮರಳುಗಲ್ಲಿನ ಕಂಬಗಳೂ ಗೋಪುರಗಳೂ ಬಯಲಿನ ನಡುವೆ ಒಂಟೊಂಟಿಯಾಗಿ ನಿಂತಿರುವ ‘ದೇವತೆಗಳ ಕಣಿವೆ’ಯುಂಟು. ಅದರೊಳಗೆ 17 ಮೈಲಿಯ ಮಣ್ಣುದಾರಿ ಸುತ್ತಿ ಬಳಸಿ ಹೋಗುತ್ತದೆ. ಕಳೆದ ಅಕ್ಟೋಬರಿನಲ್ಲಿ ನಾವು ಮಗಳು, ಅಳಿಯಂದಿರು, ಮೊಮ್ಮಗಳೊಡನೆ ಮೋಟಾರಿನ ಹಿಂದೆ ಮನೆಬಂಡಿಯೊಂದನ್ನು ಕಟ್ಟಿಕೊಂಡು ಆ ದಾರಿಗಿಳಿದೆವು.

ಅಲ್ಲಿಯವರು ಟ್ರೈಲರ್ ಎನ್ನುವ ಈ ಮನೆಬಂಡಿ ಹೊರನೋಟಕ್ಕೆ ಬರಿಯ ಪೆಟ್ಟಿಗೆ; ಅದರ ಸತ್ತ್ವವೆಲ್ಲ ಕೆಳಗಿನ ಚೌಕಟ್ಟಿನಲ್ಲಿದೆ. ಉದ್ದಕ್ಕೆ ಎರಡು ಉಕ್ಕಿನ ತೊಲೆಗಳು, ನಡುವೆ ಅಡ್ಡಪಟ್ಟಿಗಳು, ಅವುಗಳ ಕೆಳಗೆ ಬಿಲ್ಲಿನಂತೆ ಬಾಗಿದ ಸ್ಪ್ರಿಂಗುಗಳು, ಅಚ್ಚು, ಗಾಲಿ. ನಮ್ಮ ಗಾಡಿಯವನು ಮುಂಭಾರ ಹಿಂಭಾರಗಳನ್ನು ನೋಡಿ ಹೇರುವಂತೆ, ಇಲ್ಲಿಯೂ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಮೂಕಿಯ ಮೇಲೆ ಬೀಳಬೇಕು. ಇಲ್ಲದಿದ್ದರೆ ವೇಗದಲ್ಲಿ ಬಂಡಿ ಅತ್ತಿತ್ತ ಹೊಯ್ದಾಡುವುದು. ಆದರೆ ಎತ್ತಿನ ಗಾಡಿಯ ಗಾಲಿ ಎದೆಯೆತ್ತರ. ಅಚ್ಚಿನಡಿಯಲ್ಲಿ ನಾಯಿ ನಡೆದುಹೋಗಬಹುದು. ಮನೆಬಂಡಿಯ ಗಾಲಿಯೋ ಗಿಡ್ಡ, ಅಚ್ಚಿನ ಹಿಂದಿನ ಬಾಲ ಬಹಳ ಉದ್ದ, ಆ ಬಾಲದಡಿಯಲ್ಲಿಯೇ ನೀರಿನ ತೊಟ್ಟಿ ಮತ್ತು ಕೊಳವೆ. ಇದನ್ನು ಅಂದು ನಾವು ಆಲೋಚಿಸಲಿಲ್ಲ.

ಹೆದ್ದಾರಿ ಬಿಟ್ಟ ಸ್ವಲ್ಪ ದೂರದಲ್ಲಿಯೇ ಲೈಮ್ ಕ್ರೀಕ್ ಎಂಬ ಹಳ್ಳ. ಅದು ಒಣಗಿತ್ತು. ಮೋಟಾರು ಲೀಲೆಯಿಂದ ಆಚೆಯ ದಡವನ್ನೇರಿತು. ಅದರೊಡನೆ ಮೂಕಿ ಮೇಲೆದ್ದಿತು. ಬಂಡಿಯ ಗಾಲಿಗಳು ಹಳ್ಳದ ತಳದಲ್ಲಿದ್ದವು. ಬಾಲವು ಈಚೆಯ ದಡಕ್ಕೆ ಕುಸಿದು ಕರಕರನೆ ಉಜ್ಜಿತು. ಇಳಿದು ನೋಡುವಷ್ಟರಲ್ಲಿ ಕೊಳವೆ ಬಿರಿದು, ಎರಡು ದಿನಗಳಿಗೆಂದು ತುಂಬಿದ್ದ 100 ಲೀಟರು ನೀರು ಮರಳಿನಲ್ಲಿ ಇಂಗಿಹೋಗುತ್ತಿತ್ತು. ನೆರಳಿಲ್ಲದ ಆ ಬಯಲಿನಲ್ಲಿ ಮೊಮ್ಮಗಳು, “ತಾತ, ಇನ್ನು ಕುಡಿಯುವುದಕ್ಕೆ?” ಎಂದು ಕೇಳಿದಾಗ ದೇವತೆಗಳ ದರ್ಶನದ ಉತ್ಸಾಹವೆಲ್ಲ ಉಡುಗಿಹೋಯಿತು.

ಹಿಂದೆ ಬಂದ ವೃದ್ಧ ಪ್ರವಾಸಿಯೊಬ್ಬರು ಕೊಳವೆಗೆ ರಬ್ಬರಿನ ಪಟ್ಟಿ ಸುತ್ತಿ, ತಮ್ಮಲ್ಲಿದ್ದ ಎರಡು ಕ್ಯಾನು ನೀರನ್ನೂ ಕೊಟ್ಟರು. “ಅಚ್ಚಿನ ಕೆಳಗಿರುವ ಸ್ಪ್ರಿಂಗನ್ನು ಅದರ ಮೇಲಕ್ಕೆ ಹಾಕಿಸಿದರೆ ಬಂಡಿ ಐದಾರು ಅಂಗುಲ ಏಳುವುದಲ್ಲವೆ?” ಎಂದು ಅಳಿಯಂದಿರು ಕೇಳಿದರು.

“ಏಳುವುದು. ಆದರೆ ಭಾರವೂ ಜೊತೆಯಲ್ಲಿ ಮೇಲೇರಿ, ತಿರುವಿನಲ್ಲಿಯೂ ಅಡ್ಡಗಾಳಿಯಲ್ಲಿಯೂ ಬಂಡಿ ಹೆಚ್ಚು ತೂಗಾಡುವುದು. ಕೊಂಡಿಯನ್ನು ಅದಕ್ಕೆ ಸರಿಯಾಗಿ ಎತ್ತರಿಸದಿದ್ದರೆ ಮೂತಿ ತಗ್ಗಿಸಿ ನಡೆಯುವುದು. ಇಂಥ ದಾರಿಗೆಂದೇ ಕಟ್ಟುವ ಬಂಡಿಗಳಲ್ಲಿ ಬಾಲವನ್ನು ಮೊಟಕುಮಾಡಿ, ಹಿಂಬದಿಯ ಅಡಿಯನ್ನು ಓರೆಯಾಗಿ ಮೇಲಕ್ಕೆ ತಿರುಗಿಸಿರುತ್ತಾರೆ. ನಿಮ್ಮದು ಡಾಂಬರು ರಸ್ತೆಗೆ ಹುಟ್ಟಿದ್ದು,” ಎಂದರು ಆ ಹಿರಿಯರು.

ಹಳ್ಳದ ತಳದಲ್ಲಿ ಗಾಲಿಗಳಿಗೆ ಹಲಗೆ ಕೊಟ್ಟು, ಅಂಗುಲ ಅಂಗುಲವಾಗಿ ದಾಟಿ ಹಿಂದಿರುಗಿದೆವು. ಮನೆಬಂಡಿಯನ್ನು ಊರಿನಲ್ಲಿ ಬಿಟ್ಟು, ಸಂಜೆ ಬರಿಯ ಮೋಟಾರಿನಲ್ಲಿ ಮೋಕಿ ಡಗ್ವೇ ಎಂಬ ಘಾಟಿಯನ್ನು ಹತ್ತಿದೆವು. ಯುರೇನಿಯಂ ಅದಿರನ್ನು ಸಾಗಿಸಲು 1958ರಲ್ಲಿ ಕಡಿದ, ಸುಮಾರು 3 ಮೈಲಿಯ ಜಲ್ಲಿದಾರಿ ಅದು. ಏರು ಸುಮಾರು 1,200 ಅಡಿ. ಮೇಲಿನಿಂದ ಕಣಿವೆಯೆಲ್ಲ ಅಸ್ತಮಾನದ ಬೆಳಕಿನಲ್ಲಿ ಕುಂಕುಮ ಚೆಲ್ಲಿದಂತಿತ್ತು. ಬೆಳಿಗ್ಗೆ ಬಲವಂತದಿಂದ ಪಡೆಯಹೋದ ದರ್ಶನ, ಸಂಜೆ ತಾನಾಗಿ ದೊರೆಯಿತು.

ಮರುದಿನ ಹೊರಡುವಾಗ ಮೊಮ್ಮಗಳೇ ಕೋಲು ಹಿಡಿದು, ಬಾಲದಡಿಯ ತೆರವನ್ನು ಬಗ್ಗಿ ಅಳೆದಳು. ಆಮೇಲೆಯೇ ನಾವು ದಾರಿಯ ನಕ್ಷೆಯನ್ನು ಬಿಚ್ಚಿದೆವು.