ಬಾಗಿಲು ಹಾಕಿದ ಪ್ರಯೋಗಶಾಲೆ

ಪ್ರತಿ ವರ್ಷ ಜೂನ್ ತಿಂಗಳಲ್ಲಿ, ಎಂಟನೆಯ ತರಗತಿಯ ಮೊದಲ ಪಾಠಕ್ಕೆ ಮುನ್ನ, ಮಕ್ಕಳಿಗೆ ನಾನೊಂದು ಕೆಲಸ ಕೊಡುವುದುಂಟು. ‘ವಿಜ್ಞಾನಿಯೊಬ್ಬರ ಚಿತ್ರ ಬರೆಯಿರಿ. ಅಂಕ ಇಲ್ಲ, ಹೆದರಬೇಡಿ’ ಎನ್ನುತ್ತೇನೆ. ಹತ್ತು ನಿಮಿಷದಲ್ಲಿ ಹಾಳೆಗಳು ಮೇಜಿನ ಮೇಲೆ ಬಂದು ಬೀಳುತ್ತವೆ. ಕೆದರಿದ ಕೂದಲು, ದಪ್ಪ ಗಾಜಿನ ಕನ್ನಡಕ, ಬಿಳಿ ಕೋಟು, ಕೈಯಲ್ಲಿ ಹೊಗೆಯಾಡುವ ಗಾಜಿನ ಬುರುಡೆ. ಒಬ್ಬಿಬ್ಬರು ಮೂಲೆಯಲ್ಲಿ ಅಸ್ಥಿಪಂಜರವನ್ನೂ ನಿಲ್ಲಿಸಿರುತ್ತಾರೆ. ಚಿತ್ರದಲ್ಲಿ ಎರಡನೆಯ ಮನುಷ್ಯ ಇರುವುದು ತೀರ ಅಪರೂಪ. ಕಿಟಕಿಯಂತೂ ಇರುವುದೇ ಇಲ್ಲ.

ಈ ಮಕ್ಕಳಲ್ಲಿ ಯಾರೂ ವಿಜ್ಞಾನಿಯನ್ನು ಕಣ್ಣಾರೆ ಕಂಡವರಲ್ಲ. ಕಂಡದ್ದೆಲ್ಲ ಪರದೆಯ ಮೇಲೆ. ಹಾಲಿವುಡ್ಡಿನಲ್ಲಿ 1931ರಲ್ಲಿ ಬಂದ ‘ಫ್ರಾಂಕೆನ್‌ಸ್ಟೈನ್’ ಚಿತ್ರದಿಂದ ಈ ಹುಚ್ಚು ವಿಜ್ಞಾನಿ ಲೋಕಸಂಚಾರ ಮಾಡುತ್ತಲೇ ಇದ್ದಾನೆ. ಆದರೆ ಅವನನ್ನು ಕರೆತಂದು, ತನ್ನದೇ ವೇಷ ತೊಡಿಸಿ, ವರ್ಷಗಟ್ಟಲೆ ಪ್ರೀತಿಯಿಂದ ಸಾಕಿದ ಊರು ಇನ್ನೊಂದಿದೆ. ಅದು ಮೆಕ್ಸಿಕೊ ನಗರ. ಕೆಲವು ವರ್ಷಗಳ ಹಿಂದೆ ಅಲ್ಲಿ ಒಂದು ವಾರ ಕಳೆಯುವ ಅವಕಾಶ ಒದಗಿದಾಗ, ಬೇರೆ ಪ್ರವಾಸಿಗಳು ಪಿರಮಿಡ್ಡುಗಳ ದಾರಿ ಹಿಡಿದರೆ ನಾನು ಮೊದಲು ಈ ಹುಚ್ಚು ಡಾಕ್ಟರುಗಳ ವಿಳಾಸ ಹುಡುಕಿಕೊಂಡು ಹೊರಟೆ.

ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು. ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು. ನಗರದ ನಡುವಿನ ಸೋಕಲೊ ಚೌಕದಿಂದ ಮೆಟ್ರೊ ರೈಲಿನ 2ನೆಯ ಮಾರ್ಗದಲ್ಲಿ ದಕ್ಷಿಣಕ್ಕೆ ಹೊರಟರೆ ಜನರಲ್ ಅನಾಯ ಎಂಬ ನಿಲ್ದಾಣ ಸಿಗುತ್ತದೆ. ಇಲ್ಲಿನ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆಗೆ ಒಂದು ಚಿತ್ರದ ಗುರುತಿದೆ. ಅಕ್ಷರ ಬಾರದವರೂ ದಾರಿ ತಪ್ಪಬಾರದೆಂದು ಮಾಡಿದ ಏರ್ಪಾಡು. ನಿಲ್ದಾಣದ ಸಮೀಪದಲ್ಲೇ ಚುರುಬುಸ್ಕೊದ ಹಳೆಯ ಸನ್ಯಾಸಿ ಮಠವಿದೆ. 1847ರಲ್ಲಿ ಅಮೆರಿಕದ ಸೇನೆಯೊಡನೆ ಮೆಕ್ಸಿಕನ್ನರು ಕಾದಾಡಿದ್ದು ಇಲ್ಲೇ. ಅದೇ ಬಡಾವಣೆಯಲ್ಲಿ 1945ರಲ್ಲಿ ಆರಂಭವಾದದ್ದು ಚುರುಬುಸ್ಕೊ ಸ್ಟುಡಿಯೊ, ಮೆಕ್ಸಿಕನ್ ಚಿತ್ರೋದ್ಯಮದ ದೊಡ್ಡ ಕಾರ್ಖಾನೆ.

ಆ ಸ್ಟುಡಿಯೊದ ಜಾಗದಲ್ಲಿ 1974ರಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನೂ ತೆರೆದಿದ್ದರು. 1982ರ ಮಾರ್ಚ್ 24ರಂದು ಅದಕ್ಕೆ ಬೆಂಕಿ ಬಿದ್ದು ಸಾವಿರಾರು ಚಿತ್ರಗಳು ಬೂದಿಯಾದವು. ಹಳೆಯ ಕಾಲದ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನದು. ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಅಡಗಿರುವುದರಿಂದ ಒಮ್ಮೆ ಹೊತ್ತಿದರೆ ನೀರು ಹಾಕಿದರೂ ಸುಲಭಕ್ಕೆ ಆರದು. ಇಷ್ಟೆಲ್ಲ ದೆವ್ವ ಪಿಶಾಚಿಗಳನ್ನು ಸೃಷ್ಟಿಸಿದ ನೆಲದಲ್ಲಿ ನಿಜವಾದ ಅನಾಹುತ ನಡೆದದ್ದು ಮಾತ್ರ ಬೆಂಕಿಯಿಂದ. ಸ್ಟುಡಿಯೊದ ಒಂದಷ್ಟು ನೆಲದಲ್ಲಿ ಈಗ 1994ರಲ್ಲಿ ತೆರೆದ ರಾಷ್ಟ್ರೀಯ ಕಲಾ ಕೇಂದ್ರವಿದೆ. ನಾನು ಹೋದಾಗ ವಿದ್ಯಾರ್ಥಿಗಳು ಪಿಟೀಲಿನ ಪೆಟ್ಟಿಗೆ ಹೊತ್ತು ಓಡಾಡುತ್ತಿದ್ದರು.

ಮೆಕ್ಸಿಕೊದಲ್ಲಿ ಭಯಾನಕ ಚಿತ್ರಗಳು 1930ರ ದಶಕದಲ್ಲೇ ಇದ್ದವು. ಆದರೆ ಅವುಗಳ ಸುಗ್ಗಿ ಆರಂಭವಾದದ್ದು 1957ರಲ್ಲಿ. ಆ ದೇಶಕ್ಕೆ ಟೆಲಿವಿಷನ್ ಬಂದು ಏಳು ವರ್ಷವಾಗಿತ್ತು. ಚಿತ್ರರಂಗದ ಸುವರ್ಣಯುಗ ಮುಗಿಯುತ್ತಿತ್ತು. ಕಡಿಮೆ ಖರ್ಚಿನಲ್ಲಿ ಜನರನ್ನು ಟಾಕೀಸಿಗೆ ಎಳೆಯಬಲ್ಲ ಕಥೆಗಳು ಬೇಕಾಗಿದ್ದವು. ನಿರ್ದೇಶಕ ಫೆರ್ನಾಂದೊ ಮೆಂದೆಸ್ ಆ ವರ್ಷ ‘ಎಲ್ ವಂಪೀರೊ’ ಎಂಬ ರಕ್ತಪಿಪಾಸುವಿನ ಚಿತ್ರ ತೆಗೆದರು. ಇಂಗ್ಲೆಂಡಿನ ಹ್ಯಾಮರ್ ಕಂಪನಿಯ ಪ್ರಸಿದ್ಧ ‘ಡ್ರಾಕುಲಾ’ ಬಂದದ್ದು ಅದರ ಮರುವರ್ಷ. ಹಳ್ಳಿಯ ಪಾಳುಬಿದ್ದ ಜಮೀನ್ದಾರಿ ಬಂಗಲೆ, ಕೃತಕ ಮಂಜು, ಕರಿಯ ನಿಲುವಂಗಿಯ ಹೆರ್ಮಾನ್ ರೊಬ್ಲೆಸ್. ಇಂದು ನೋಡಿದರೂ ಆ ನೆರಳು ಬೆಳಕಿನ ಸೊಗಸು ಮಾಸಿಲ್ಲ.

ಅದೇ ವರ್ಷ ಮೆಂದೆಸ್ ಇನ್ನೊಂದು ಚಿತ್ರ ಮಾಡಿದರು. ಅದರ ಹೆಸರಿನ ಅರ್ಥ ‘ಹೆಣಗಳ್ಳ’. ಇದರಲ್ಲಿ ಕುಸ್ತಿಪಟುಗಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಬಲಿಷ್ಠ ದೇಹಕ್ಕೆ ಪ್ರಾಣಿಯ ಮಿದುಳು ಜೋಡಿಸಿ ಅತಿಮಾನವನನ್ನು ಮಾಡಬೇಕೆಂಬುದು ಒಬ್ಬ ವಿಜ್ಞಾನಿಯ ಹಟ. ಕೊನೆಗೆ ಗೊರಿಲ್ಲಾದ ಮಿದುಳು ಪಡೆದ ಪೈಲ್ವಾನ ಮೃಗವಾಗಿ ಅವನ ಕೈಮೀರುತ್ತಾನೆ. ನನ್ನನ್ನು ಕಾಡಿದ್ದು ಆ ಮೃಗವಲ್ಲ, ವಿಜ್ಞಾನಿಯ ಹಗಲುವೇಷ. ಆತ ಕುಸ್ತಿ ಅಖಾಡದ ಸುತ್ತ ಲಾಟರಿ ಟಿಕೆಟ್ ಮಾರುವ ಬಡ ಮುದುಕನಾಗಿ ತಿರುಗುತ್ತಿರುತ್ತಾನೆ. ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ನಾಲ್ಕು ಜನರ ಮುಂದೆ ಹೇಳಲಾರದವನಿಗೆ ವೇಷ ಬೇಕೇ ಬೇಕಲ್ಲವೆ?

1957ರಲ್ಲೇ ಆರಂಭವಾದ ‘ಅಸ್ಟೆಕ್ ಮಮ್ಮಿ’ಯ ಮೂರು ಚಿತ್ರಗಳಲ್ಲಿ ಇನ್ನೊಂದು ಬಗೆಯ ಡಾಕ್ಟರು ಬರುತ್ತಾರೆ. ಇವರು ಖಳನಾಯಕರಲ್ಲ, ಸಭ್ಯರು. ಸಮ್ಮೋಹನದಿಂದ ಪೂರ್ವಜನ್ಮದ ನೆನಪು ಬರಿಸಬಹುದೆಂಬ ಅವರ ವಾದವನ್ನು ವಿದ್ವಾಂಸರ ಸಭೆ ನಗೆಯಾಡುತ್ತದೆ. ಅವರು ಮನೆಗೆ ಬಂದು ಆ ಪ್ರಯೋಗವನ್ನು ತಮ್ಮನ್ನು ಮದುವೆಯಾಗಲಿರುವ ಹುಡುಗಿಯ ಮೇಲೆಯೇ ಮಾಡುತ್ತಾರೆ! ಅಲ್ಲಿಂದ ಮುಂದೆ ಸಮಾಧಿಯ ಕಾವಲಿಗಿದ್ದ ಮಮ್ಮಿ ಎದ್ದು ಬರುತ್ತದೆ. ಮೂರನೆಯ ಚಿತ್ರದಲ್ಲಿ ಖಳ ಡಾಕ್ಟರ್ ಕ್ರುಪ್ ಹೆಣವೊಂದನ್ನು ತಗಡಿನ ಯಂತ್ರದೊಳಗೆ ಸೇರಿಸಿ ಅದರೊಡನೆ ಕಾದಾಟಕ್ಕೆ ಬಿಡುತ್ತಾನೆ. ಮಕ್ಕಳು ಇದನ್ನು ನೋಡಿದರೆ ಹೆದರುವುದಕ್ಕಿಂತ ನಗುವುದೇ ಹೆಚ್ಚು. ಹೀಗೆ ರಾಕ್ಷಸರು ಹೆಚ್ಚಿದಂತೆ ಅವರನ್ನು ಬಡಿಯಲು ಮುಖವಾಡದ ಕುಸ್ತಿವೀರರೂ ಪರದೆಗೆ ಬಂದರು. ಬೆಳ್ಳಿ ಮುಖವಾಡದ ‘ಎಲ್ ಸಾಂತೊ’ ಅವರಲ್ಲಿ ಅಗ್ರಗಣ್ಯ. 1984ರಲ್ಲಿ ತೀರಿಕೊಂಡಾಗ ಆತನನ್ನು ಮುಖವಾಡದೊಡನೆಯೇ ಮಣ್ಣು ಮಾಡಿದರು.

ಮರುದಿನ ಮತ್ತೆ ನಗರದ ನಡುಭಾಗಕ್ಕೆ ಬಂದೆ. ಸೋಕಲೊದಿಂದ ಉತ್ತರಕ್ಕೆ ಕೆಲವು ಬೀದಿ ನಡೆದರೆ ಸಾಂತೊ ದೊಮಿಂಗೊ ಚೌಕ. ಅದರ ಕಮಾನುಗಳ ಕೆಳಗೆ ಹಿಂದೆ ಓದುಬರಹ ಬಾರದವರಿಗೆ ಪತ್ರ ಬರೆದುಕೊಡುವವರು ಕೂರುತ್ತಿದ್ದರು. ಆ ಕಸುಬಿನ ಕುರುಹು ಇನ್ನೂ ಉಳಿದಿದೆ. ಚೌಕದ ಮೂಲೆಯಲ್ಲಿ, ಮೂಲೆಯನ್ನೇ ಕತ್ತರಿಸಿ ಬಾಗಿಲು ಇಟ್ಟಂತಿರುವ ಒಂದು ದೊಡ್ಡ ಕಲ್ಲಿನ ಕಟ್ಟಡವಿದೆ. ಧರ್ಮದ್ರೋಹಿಗಳೆಂದು ಆರೋಪ ಹೊತ್ತವರನ್ನು ಗುಟ್ಟಾಗಿ ವಿಚಾರಿಸುತ್ತಿದ್ದ ಇನ್‌ಕ್ವಿಸಿಷನ್ ನ್ಯಾಯಸ್ಥಾನದ ಅರಮನೆ ಅದು. ಮೆಕ್ಸಿಕೊದಲ್ಲಿ ಆ ನ್ಯಾಯಸ್ಥಾನ 1571ರಲ್ಲಿ ಬಂದು 1820ರಲ್ಲಿ ಕೊನೆಗೊಂಡಿತು. ಈಗಿನ ಕಟ್ಟಡ 1730ರ ದಶಕದ್ದು, ವಾಸ್ತುಶಿಲ್ಪಿ ಪೆದ್ರೊ ದೆ ಅರಿಯೆತ ಕಟ್ಟಿದ್ದು. ಅಂಗಳದ ನಾಲ್ಕು ಮೂಲೆಗಳಲ್ಲಿ ಕಮಾನುಗಳು ಕಂಬವೇ ಇಲ್ಲದೆ ಗಾಳಿಯಲ್ಲಿ ತೂಗುವಂತೆ ಕಾಣುತ್ತವೆ. ಭೌತವಿಜ್ಞಾನದ ಮೇಷ್ಟರೊಬ್ಬ ಅದರಡಿ ಅರ್ಧ ಗಂಟೆ ನಿಂತದ್ದು ಆಶ್ಚರ್ಯವಲ್ಲ.

ಈ ನ್ಯಾಯಸ್ಥಾನದಿಂದಲೇ ಹೊರಟ ಚಿತ್ರವೊಂದಿದೆ. ಚಾನೊ ಉರುಯೆತ ನಿರ್ದೇಶಿಸಿ 1962ರಲ್ಲಿ ತೆರೆ ಕಂಡ ‘ಎಲ್ ಬರೋನ್ ದೆಲ್ ತೆರ್ರೋರ್’. 1661ರಲ್ಲಿ ಒಬ್ಬ ಮಾಂತ್ರಿಕ ಬ್ಯಾರನ್ನನನ್ನು ಸುಡುತ್ತಾರೆ. ಆಕಾಶದಲ್ಲಿ ಧೂಮಕೇತು ಹಾಯುತ್ತಿರುತ್ತದೆ. 300 ವರ್ಷ ಕಳೆದು ಅದು ಮರಳಿದಾಗ ತಾನೂ ಮರಳುವೆನೆಂದು ಆತ ಶಪಿಸುತ್ತಾನೆ. 1961ರಲ್ಲಿ ಹಾಗೆಯೇ ಇಳಿದು ಬಂದು, ರಬ್ಬರಿನ ರಾಕ್ಷಸಮುಖ ಧರಿಸಿ, ಉದ್ದ ನಾಲಿಗೆಯಿಂದ ತನ್ನ ನ್ಯಾಯಾಧೀಶರ ವಂಶಜರ ಮಿದುಳು ಹೀರುತ್ತಾನೆ. ಸಾಲದುದಕ್ಕೆ ಉಳಿದದ್ದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಚಮಚದಿಂದ ತಿನ್ನುತ್ತಾನೆ!

ಚಿತ್ರದ ಧೂಮಕೇತು ಕಟ್ಟುಕಥೆ. ಆದರೆ 1661ರಲ್ಲಿ ನಿಜವಾಗಿಯೂ ಒಂದು ಧೂಮಕೇತು ಕಾಣಿಸಿಕೊಂಡಿತ್ತು. ಯೂರೋಪಿನ ಖಗೋಳಜ್ಞ ಹೆವೇಲಿಯಸ್ ಅದನ್ನು ಅಳೆದು ಬರೆದಿಟ್ಟರು. 2002ರ ಫೆಬ್ರುವರಿಯಲ್ಲಿ ಜಪಾನಿನ ಇಕೆಯ ಮತ್ತು ಚೀನದ ಜಾಂಗ್ ಎಂಬ ಹವ್ಯಾಸಿ ವೀಕ್ಷಕರು ಕಂಡ ಧೂಮಕೇತುವಿನ ಪಥವನ್ನು ಲೆಕ್ಕ ಹಾಕಿದಾಗ ಅದು ಇದೇ ಎಂದು ತಿಳಿಯಿತು. ಮರಳಲು ತೆಗೆದುಕೊಂಡದ್ದು 300 ಅಲ್ಲ, 341 ವರ್ಷ. ಯಾರ ಮಿದುಳಿಗೂ ಅಪಾಯವಾಗಲಿಲ್ಲ. ಹೆವೇಲಿಯಸ್ ತಮ್ಮ ಅಳತೆಗಳನ್ನು ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದರೆ ಈ ಲೆಕ್ಕ ಕೂಡುತ್ತಿರಲಿಲ್ಲ ಎಂಬುದನ್ನು ಮಾತ್ರ ವಿದ್ಯಾರ್ಥಿಗಳು ನೆನಪಿಡಬೇಕು.

ಇನ್‌ಕ್ವಿಸಿಷನ್ ಅಳಿದ ಮೇಲೆ ಆ ಅರಮನೆಯೇ ಮೆಕ್ಸಿಕೊದ ವೈದ್ಯಕೀಯ ಶಾಲೆಯಾಯಿತು. ಬಾಗಿಲು ಮುಚ್ಚಿ ವಿಚಾರಣೆ ನಡೆಸುತ್ತಿದ್ದ ಮನೆಯಲ್ಲಿ ವಿದ್ಯಾರ್ಥಿಗಳ ಕಣ್ಣೆದುರು ದೇಹದ ರಚನೆ ಬಿಡಿಸಿ ತೋರಿಸುವ ಪಾಠ ನಡೆಯಿತು. 1980ರಿಂದ ಅದು ವೈದ್ಯಕೀಯ ವಸ್ತುಸಂಗ್ರಹಾಲಯ. ಮೇಣದಲ್ಲಿ ಮಾಡಿದ ಚರ್ಮರೋಗಗಳ ಮಾದರಿಗಳು ಅಲ್ಲಿವೆ. ಯಾವ ಭಯಾನಕ ಚಿತ್ರಕ್ಕೂ ಕಡಿಮೆಯಿಲ್ಲ. ಆದರೂ ಅವುಗಳ ಮುಂದೆ ಹೆದರಿಕೆಯಾಗುವುದಿಲ್ಲ, ಮರುಕವಾಗುತ್ತದೆ.

ಈ ಸರಣಿಯ ಇನ್ನೊಂದು ಚಿತ್ರ 1969ರದು. ರೆನೆ ಕಾರ್ದೋನ ನಿರ್ದೇಶನದ ಆ ಚಿತ್ರದ ಹೆಸರನ್ನು ‘ಘೋರ ನರಮೃಗ’ ಎನ್ನಬಹುದು. ಮಗನಿಗೆ ರಕ್ತದ ಕ್ಯಾನ್ಸರ್. ಶಸ್ತ್ರವೈದ್ಯನಾದ ತಂದೆ ಗೊರಿಲ್ಲಾದ ಹೃದಯವನ್ನು ತಂದು ಮಗನ ಎದೆಯಲ್ಲಿಡುತ್ತಾನೆ. ಮಗ ಮೃಗವಾಗುತ್ತಾನೆ. ತೆರೆದ ಹೃದಯದ ನಿಜವಾದ ಶಸ್ತ್ರಕ್ರಿಯೆಯ ದೃಶ್ಯವನ್ನೂ ಸೇರಿಸಿರುವ ಈ ಚಿತ್ರ ಮಕ್ಕಳಿಗೆ ತಕ್ಕದ್ದಲ್ಲ ಎಂದು ತಂದೆತಾಯಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ದಕ್ಷಿಣ ಆಫ್ರಿಕದ ಬರ್ನಾರ್ಡ್ 1967ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದ್ದರು. ಜಗತ್ತು ಬೆರಗಾಗಿತ್ತು, ಒಳಗೊಳಗೇ ಅಂಜಿಯೂ ಇತ್ತು. ಚಿತ್ರ ಬೆಳೆದದ್ದು ಆ ಅಂಜಿಕೆಯ ಮಣ್ಣಿನಲ್ಲಿ.

ಆದರೆ ಮುಂದೆ ನಡೆದದ್ದೇನು? 1988ರ ಜುಲೈ 21ರಂದು ಇದೇ ನಗರದ ಲಾ ರಾಸ ಆಸ್ಪತ್ರೆಯಲ್ಲಿ ಡಾಕ್ಟರ್ ರುಬೇನ್ ಅರ್ಗ್ವೆರೊ ಮೆಕ್ಸಿಕೊದ ಮೊದಲ ಹೃದಯ ಕಸಿ ನಡೆಸಿದರು. ಗೊರಿಲ್ಲಾ ಇರಲಿಲ್ಲ, ನೆಲಮಾಳಿಗೆ ಇರಲಿಲ್ಲ, ದೊಡ್ಡದೊಂದು ತಂಡವಿತ್ತು. ನಗರದ ದಕ್ಷಿಣಕ್ಕೆ, 1944ರಲ್ಲಿ ಆರಂಭವಾದ ರಾಷ್ಟ್ರೀಯ ಹೃದ್ರೋಗ ಸಂಸ್ಥೆಯಲ್ಲಿ, ದಿಯೆಗೊ ರಿವೇರ ಬರೆದ ಎರಡು ಭಿತ್ತಿಚಿತ್ರಗಳಿವೆ. ಹೃದಯವನ್ನು ಅರಿಯಲು ದುಡಿದವರೆಲ್ಲ ಅಲ್ಲಿ ಜನಜಂಗುಳಿಯಂತೆ ನಿಂತಿದ್ದಾರೆ. ನಡುವೆ ಒಬ್ಬಾತ ಬೆಂಕಿಯಲ್ಲಿ ಉರಿಯುತ್ತಿದ್ದಾನೆ. ರಕ್ತವು ಹೃದಯದಿಂದ ಶ್ವಾಸಕೋಶಕ್ಕೆ ಹೋಗಿ ಬರುವುದನ್ನು ವಿವರಿಸಿದ ಮಿಗೆಲ್ ಸೆರ್ವೆತ್ ಆತ. ಧರ್ಮದ ವಿಚಾರದಲ್ಲಿ ಭಿನ್ನಮತ ಬರೆದನೆಂದು 1553ರಲ್ಲಿ ಜಿನೀವಾದಲ್ಲಿ ಸುಟ್ಟರು. ಸಿನಿಮಾದಲ್ಲಿ ಸುಡಿಸಿಕೊಂಡ ಬ್ಯಾರನ್ ರಾಕ್ಷಸನಾಗಿ ಬಂದ. ನಿಜವಾಗಿ ಸುಡಿಸಿಕೊಂಡವನು ಪಾಠಪುಸ್ತಕವಾಗಿ ಬಂದಿದ್ದಾನೆ.

ಕೊನೆಯದಾಗಿ ಒಬ್ಬ ಹುಡುಗನ ಕಥೆ. ‘ಎಲ್ ವಂಪೀರೊ’ ತೆರೆ ಕಂಡಾಗ ಮಾರಿಯೊ ಮೊಲಿನ ಎಂಬ ಮೆಕ್ಸಿಕೊ ನಗರದ ಬಾಲಕನಿಗೆ 14 ವರ್ಷ. ಆಟಿಕೆಯ ಸೂಕ್ಷ್ಮದರ್ಶಕದಲ್ಲಿ ಅಮೀಬಾ ನೋಡಿ ಹುಚ್ಚು ಹಿಡಿಸಿಕೊಂಡಿದ್ದ ಈತ ಮನೆಯವರು ಹೆಚ್ಚು ಬಳಸದಿದ್ದ ಒಂದು ಸ್ನಾನದ ಮನೆಯನ್ನು ಪ್ರಯೋಗಶಾಲೆ ಮಾಡಿಕೊಂಡಿದ್ದ. ರಸಾಯನಶಾಸ್ತ್ರ ಬಲ್ಲ ಸೋದರತ್ತೆಯೊಬ್ಬರು ಜೊತೆಗೆ ಕುಳಿತು ಕಷ್ಟದ ಪ್ರಯೋಗಗಳಿಗೆ ನೆರವಾಗುತ್ತಿದ್ದರು. 1974ರಲ್ಲಿ ಈತ ಅಮೆರಿಕದಲ್ಲಿ ರೋಲಂಡ್ ಅವರೊಡನೆ ಸೇರಿ, ರೆಫ್ರಿಜರೇಟರು ಮತ್ತು ಸ್ಪ್ರೇ ಡಬ್ಬಿಗಳ ಕ್ಲೋರೊಫ್ಲೋರೊಕಾರ್ಬನ್ನುಗಳು ಮೇಲಿನ ವಾಯುಮಂಡಲದ ಓಜೋನನ್ನು ನಾಶ ಮಾಡಬಲ್ಲವೆಂದು ಪ್ರಕಟಿಸಿದರು. ತಯಾರಕರು ವಿರೋಧಿಸಿದರು. ಇಬ್ಬರೂ ಸುಮ್ಮನಾಗಲಿಲ್ಲ, ಪತ್ರಿಕೆಗಳ ಮುಂದೆ, ಶಾಸಕರ ಮುಂದೆ ಹೋಗಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಜೋನ್ ತೆಳುವಾದದ್ದು ವರದಿಯಾಯಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1995ರಲ್ಲಿ ನೊಬೆಲ್ ಬಹುಮಾನ ಬಂತು. 2020ರಲ್ಲಿ ಮೊಲಿನ ಕಣ್ಮುಚ್ಚಿದ್ದು ತಾವು ಹುಟ್ಟಿದ ಊರಿನಲ್ಲೇ.

ಒಂದೇ ಊರು, ಎರಡು ಪ್ರಯೋಗಶಾಲೆ. ಸಿನಿಮಾದ ಡಾಕ್ಟರು ಬುದ್ಧಿಯಲ್ಲಿ ಕಡಿಮೆಯಿರಲಿಲ್ಲ. ಮಗನನ್ನು ಉಳಿಸಬೇಕೆಂದವನ ಉದ್ದೇಶವೂ ಕೆಟ್ಟದ್ದಲ್ಲ. ಆದರೆ ಬಾಗಿಲು ಹಾಕಿಕೊಂಡ. ‘ಇದು ತಪ್ಪು’ ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸ್ನಾನದ ಮನೆಯ ಹುಡುಗನ ಬಳಿ ಒಬ್ಬ ಅತ್ತೆ ಇದ್ದರು.

ಅದಕ್ಕೇ ಈಗ ಮಕ್ಕಳು ಬರೆದ ಚಿತ್ರಗಳನ್ನು ಹಿಂತಿರುಗಿಸುವಾಗ ನಾನು ಕೂದಲಿನ ಬಗ್ಗೆ, ಕನ್ನಡಕದ ಬಗ್ಗೆ ಏನೂ ಹೇಳುವುದಿಲ್ಲ. ‘ಇವರ ಜೊತೆ ಯಾರಿದ್ದಾರೆ? ಬಾಗಿಲು ಎಲ್ಲಿದೆ?’ ಎಂದಷ್ಟೇ ಕೇಳುತ್ತೇನೆ. ರಬ್ಬರ್ ಮುಖವಾಡದ ಹಳೆಯ ಚಿತ್ರವೊಂದನ್ನು ಮಕ್ಕಳೊಡನೆ ಕುಳಿತು ನೋಡುವ ತಂದೆತಾಯಿಗಳೂ ನಡುವೆ ಒಮ್ಮೆ ಇದೇ ಪ್ರಶ್ನೆ ಕೇಳಬಹುದು. ಹಾಗೆಯೇ ಮನೆಯ ಮೂಲೆಯಲ್ಲಿ ಮಗು ನಿಂಬೆರಸಕ್ಕೆ ಅಡುಗೆ ಸೋಡ ಬೆರೆಸಿ ನೊರೆ ಉಕ್ಕಿಸುತ್ತಿದ್ದರೆ ಗದರಬೇಡಿ. ಒಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ.