ಸೊನ್ನೆಯ ಆಚೆ ಈಚೆ: ಜಯನಗರ ಸೀಮೆಯಲ್ಲೊಂದು ಗಣಿತಯಾತ್ರೆ

ಆರನೆಯ ತರಗತಿಯವರೆಗೂ ಲೆಕ್ಕವೆಂದರೆ ಎಣಿಕೆ. ಮೂರು ಮಾವಿನಹಣ್ಣು, ಐದು ಪೆನ್ಸಿಲು, ನೂರು ರೂಪಾಯಿ. ಎಲ್ಲವೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಆಮೇಲೊಂದು ದಿನ ಕರಿಹಲಗೆಯ ಮೇಲೆ –3 ಎಂಬ ಸಂಖ್ಯೆ ಬಂದು ಕೂರುತ್ತದೆ. ‘ಇಲ್ಲದ ಮೂರು ಹಣ್ಣು ಎಲ್ಲಿವೆ?’ ಎಂದು ಮಗು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಆದರೆ ಬಹಳ ಮನೆಗಳಲ್ಲಿ ಅದಕ್ಕೆ ಸಿಗುವ ಉತ್ತರ, ‘ಮೈನಸ್ ಇಂಟು ಮೈನಸ್ ಪ್ಲಸ್, ಬಾಯಿಪಾಠ ಮಾಡು’. ಕಾರಣ ತಿಳಿಯದೆ ಒಪ್ಪಿಕೊಂಡ ಇಂಥ ನಾಲ್ಕು ಸೂತ್ರಗಳು ಸೇರಿದರೆ ಸಾಕು, ‘ಗಣಿತ ನನ್ನದಲ್ಲ’ ಎಂದು ಮಗು ತೀರ್ಮಾನಿಸಿಬಿಡುತ್ತದೆ.

ಮಗುವಿನ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಒಂದು ಭಾನುವಾರ ದಕ್ಷಿಣ ಬೆಂಗಳೂರಿನ ಆರ್.ವಿ. ರಸ್ತೆ ಮೆಟ್ರೊ ನಿಲ್ದಾಣಕ್ಕೆ ಬನ್ನಿ. ಆರ್.ವಿ. ಎಂದರೆ ರಾಷ್ಟ್ರೀಯ ವಿದ್ಯಾಲಯ. ಹೆಸರಿನಲ್ಲೇ ಶಾಲೆಯಿರುವ ಈ ನಿಲ್ದಾಣವನ್ನು ನಮ್ಮ ಸೊನ್ನೆ ಎಂದು ಇಟ್ಟುಕೊಳ್ಳೋಣ. ಇಲ್ಲಿಂದ ಹಸಿರು ಮಾರ್ಗ ಎರಡು ದಿಕ್ಕಿಗೆ ಚಾಚಿದೆ. ದಕ್ಷಿಣಕ್ಕೆ ಬನಶಂಕರಿ 1, ಜಯಪ್ರಕಾಶನಗರ 2, ಯಲಚೇನಹಳ್ಳಿ 3. ಉತ್ತರಕ್ಕೆ ಜಯನಗರ –1, ಸೌತ್ ಎಂಡ್ ಸರ್ಕಲ್ –2, ಲಾಲ್‌ಬಾಗ್ –3. ಇಲ್ಲಿ –3 ಎಂಬುದು ಇಲ್ಲದ ವಸ್ತುವಲ್ಲ. ಮರಗಳ ನೆರಳಿನ ಪಕ್ಕದಲ್ಲಿರುವ, ರೈಲು ನಿಲ್ಲುವ, ಜನ ಇಳಿದು ಹತ್ತುವ ಒಂದು ಜಾಗ. ಯಲಚೇನಹಳ್ಳಿಗೆ ಎಷ್ಟು ನಿಲ್ದಾಣವೋ ಲಾಲ್‌ಬಾಗಿಗೂ ಅಷ್ಟೇ, ದಿಕ್ಕು ಮಾತ್ರ ಎದುರು. ಗಣಿತದಲ್ಲಿ ವಿರುದ್ಧ ಸಂಖ್ಯೆಗಳೆಂದರೆ ಇಷ್ಟೇ.

ಈ ಸಂಖ್ಯಾರೇಖೆ ಒಂದೇ ಸಲಕ್ಕೆ ಬೆಳೆದದ್ದಲ್ಲ. ಯಲಚೇನಹಳ್ಳಿಯವರೆಗಿನ ಸಂಚಾರ 2017ರ ಜೂನ್‌ನಲ್ಲಿ ಶುರುವಾಯಿತು. 2021ರ ಜನವರಿಯಲ್ಲಿ ಮಾರ್ಗ ಕನಕಪುರ ರಸ್ತೆಯಲ್ಲಿ ರೇಷ್ಮೆ ಸಂಸ್ಥೆಯವರೆಗೆ ಬೆಳೆಯಿತು. ಹಾಗಾಗಿ ಈಗ –7 ಆದ ಮೆಜೆಸ್ಟಿಕ್‌ಗೂ ದಕ್ಷಿಣದಲ್ಲಿ ಜೋಡಿಯಿದೆ: 7ನೆಯ ನಿಲ್ದಾಣ ತಲಘಟ್ಟಪುರ. 2025ರ ಆಗಸ್ಟ್‌ನಲ್ಲಿ ಇದೇ ಸೊನ್ನೆಯಿಂದ ರಾಗಿಗುಡ್ಡ, ಜಯದೇವ, ಬಿ.ಟಿ.ಎಂ. ಬಡಾವಣೆಗಳ ಕಡೆಗೆ ಹಳದಿ ಮಾರ್ಗವೂ ಹೊರಟಿತು. ಎರಡು ರೇಖೆಗಳು ಒಂದು ಸೊನ್ನೆಯಲ್ಲಿ ಕೂಡಿದರೆ ಏನಾಗುತ್ತದೆಂಬುದನ್ನು ಮಕ್ಕಳು ನಕ್ಷೆಯ ಪಾಠಕ್ಕೆ ಬಂದಾಗ ಕಲಿಯುತ್ತಾರೆ.

ಈಗ ಒಂದು ಲೆಕ್ಕ. ಕೃಷ್ಣರಾಜ ಮಾರುಕಟ್ಟೆ ನಿಲ್ದಾಣ –5. ಅಲ್ಲಿ ಹೂವು ಕೊಂಡವರು ಬನಶಂಕರಿಗೆ ಬರಲು ಎಷ್ಟು ನಿಲ್ದಾಣ ಸಾಗಬೇಕು? ಸೇರುವ ಜಾಗದಿಂದ ಹೊರಟ ಜಾಗವನ್ನು ಕಳೆಯಬೇಕು: 1 – (–5). ಬೆರಳು ಮಡಿಚಿ ಎಣಿಸಿ. ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್, ಜಯನಗರ, ಆರ್.ವಿ. ರಸ್ತೆ, ಬನಶಂಕರಿ. ಒಟ್ಟು 6. ಋಣವನ್ನು ಕಳೆದರೆ ಕೂಡಿದಂತಾಗುವುದು ಯಾರೋ ಮಾಡಿದ ಕಟ್ಟಳೆಯಲ್ಲ, ಸೊನ್ನೆಯ ಆ ಬದಿಯಿಂದ ಹೊರಟವನಿಗೆ ದಾರಿ ಹೆಚ್ಚು, ಅಷ್ಟೇ.

ಇನ್ನೊಂದು ವಿಷಯ. ಸೊನ್ನೆಯನ್ನು ಆರಿಸಿದವರು ನಾವು. ನಿಮ್ಮ ಮನೆ ಬನಶಂಕರಿಯಲ್ಲಿದ್ದರೆ ಅದನ್ನೇ ಸೊನ್ನೆ ಮಾಡಿಕೊಳ್ಳಿ. ಆಗ ಮಾರುಕಟ್ಟೆ –6 ಆಗುತ್ತದೆ. ಹೆಸರಿನ ಸಂಖ್ಯೆ ಬದಲಾಯಿತು, ನಡುವಿನ ದೂರ ಬದಲಾಗಲಿಲ್ಲ.

ಕನಕಪುರ ರಸ್ತೆಯ ಬನಶಂಕರಿ ದೇವಸ್ಥಾನಕ್ಕೆ ಹೋದರೆ ಬೇರೊಂದು ಬಗೆಯ ವಿಲೋಮ ಕಾಣಸಿಗುತ್ತದೆ. ಬೇರೆಡೆ ಶುಭಕಾರ್ಯಕ್ಕೆ ಬೇಡವೆನ್ನುವ ರಾಹುಕಾಲವೇ ಇಲ್ಲಿ ಪೂಜೆಗೆ ಪ್ರಶಸ್ತ. ಭಕ್ತರು ನಿಂಬೆಹಣ್ಣಿನ ಹೋಳನ್ನು ಹಿಂಡಿ, ಒಳಮೈಯನ್ನು ಹೊರಕ್ಕೆ ಮಗುಚಿ, ಅದರಲ್ಲಿ ದೀಪ ಹಚ್ಚುತ್ತಾರೆ. ‘ವಿಲೋಮ’ ಎಂಬ ಮಾತಿನ ಮೂಲಾರ್ಥ ಕೂದಲಿನ ಓಟಕ್ಕೆ ಎದುರು ಎಂದು. ಬೆಕ್ಕಿನ ಬೆನ್ನನ್ನು ಬಾಲದಿಂದ ತಲೆಯ ಕಡೆಗೆ ಸವರಿದವರಿಗೆ ಇದು ಬೇಗ ಅರ್ಥವಾಗುತ್ತದೆ!

ಅಲ್ಲಿಂದ ಹಿಂತಿರುಗಿ ಜಯನಗರದ ಬೀದಿಗಳಿಗೆ ಬರೋಣ. ಮೇನ್ ರಸ್ತೆಗಳನ್ನು ಕ್ರಾಸ್ ರಸ್ತೆಗಳು ಕತ್ತರಿಸುವ ಈ ಬಡಾವಣೆಯಲ್ಲಿ ಮಗುವಿಗೆ ಒಂದು ದಾರಿ ಹೇಳಿ: ಎರಡು ಕ್ರಾಸ್ ನೇರ ಹೋಗು, ಬಲಕ್ಕೆ ತಿರುಗಿ ಒಂದು ಮೇನ್ ದಾಟು, ಎಡಕ್ಕೆ ತಿರುಗಿ ಮೂರು ಕ್ರಾಸ್ ನಡೆ. ಮನೆಗೆ ವಾಪಸು ಬರುವ ದಾರಿಯನ್ನು ಅದೇ ಹೇಳಲಿ. ಮೂರು ಕ್ರಾಸ್ ನಡೆದು ಬಲಕ್ಕೆ, ಒಂದು ಮೇನ್ ದಾಟಿ ಎಡಕ್ಕೆ, ಆಮೇಲೆ ಎರಡು ಕ್ರಾಸ್. ಕೊನೆಯದು ಮೊದಲಾಯಿತು, ಎಡ ಬಲವಾಯಿತು, ಬಲ ಎಡವಾಯಿತು.

‘ಮನಸ್ಸಿನಲ್ಲಿ ಒಂದು ಸಂಖ್ಯೆ ನೆನೆ’ ಎಂದು ಶುರುವಾಗುವ ಒಗಟುಗಳ ಗುಟ್ಟೂ ಇದೇ. ನೆನೆದ ಸಂಖ್ಯೆಗೆ 5 ಕೂಡಿಸಿ, 3ರಿಂದ ಗುಣಿಸಿ, 6 ಕಳೆದು, 2ರಿಂದ ಭಾಗಿಸಿದಾಗ 12 ಬಂದಿತು. ನೆನೆದದ್ದೆಷ್ಟು? ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯಿರಿ. 12ನ್ನು 2ರಿಂದ ಗುಣಿಸಿದರೆ 24, 6 ಕೂಡಿಸಿದರೆ 30, 3ರಿಂದ ಭಾಗಿಸಿದರೆ 10, 5 ಕಳೆದರೆ 5. ಕೂಡುವುದಕ್ಕೆ ಕಳೆಯುವುದು, ಗುಣಾಕಾರಕ್ಕೆ ಭಾಗಾಕಾರ ಎದುರು. ಈ ವಿಲೋಮ ವಿಧಾನವನ್ನು ಆರ್ಯಭಟ ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲೇ ಹೇಳಿದ್ದಾನೆ.

ಉಳಿದದ್ದು ‘ಮೈನಸ್ ಇಂಟು ಮೈನಸ್’. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಧನವನ್ನು ಆಸ್ತಿಯಾಗಿ, ಋಣವನ್ನು ಸಾಲವಾಗಿ ಕಂಡು ನಿಯಮ ಬರೆದ. ನಾಲ್ಕನೆಯ ಬ್ಲಾಕಿನ ಒಂದು ಅಂಗಡಿಯ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ತಲಾ 5 ರೂಪಾಯಿಯ ಸಾಲಗಳಿವೆ ಎನ್ನಿ. ಅಂಗಡಿಯವರು ಅಂಥ ಮೂರನ್ನು ಹೊಡೆದುಹಾಕಿದರೆ ನಿಮಗೆ 15 ರೂಪಾಯಿ ಲಾಭ. ಸಾಲ –5, ಮೂರು ಸಲ ತೆಗೆದದ್ದು –3, ಗುಣಲಬ್ಧ 15. ಬಾಯಿಪಾಠಕ್ಕೆ ಇಲ್ಲಿ ಕೆಲಸವೇ ಇಲ್ಲ.

ನಮ್ಮ ನಾಡಿನಲ್ಲೂ ಈ ವಿದ್ಯೆ ಬೆಳೆದಿತ್ತು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅವನು ಹೇಳಿದ್ದು ಮೇಲಿನ ಅಂಗಡಿ ಲೆಕ್ಕ ತಿಳಿದ ಮಗುವಿಗೂ ಹೊಳೆಯುತ್ತದೆ: ತನ್ನನ್ನೇ ತಾನು ಗುಣಿಸಿಕೊಂಡ ಯಾವ ಸಂಖ್ಯೆಯೂ ಋಣವಾಗದಲ್ಲ! ಅವನಿಗೆ ಸಂಖ್ಯೆಗಳ ಚೆಲುವೂ ಗೊತ್ತಿತ್ತು. 139ನ್ನು 109ರಿಂದ ಗುಣಿಸಿದರೆ 15151. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥವನ್ನು ಅವನು ಕೊರಳಹಾರಕ್ಕೆ ಹೋಲಿಸಿದ.

ಮನೆಗೆ ಹೊರಡುವ ರೈಲಿನಲ್ಲಿ ಮಕ್ಕಳಿಗೆ ಮತ್ತೆ ಅದೇ ಒಗಟು ಹಾಕಿ. ಹೆಜ್ಜೆಗಳೆಲ್ಲ ಅವೇ ಇರಲಿ, ಕೊನೆಗೆ ಬಂದದ್ದು 12ರ ಬದಲು ಸೊನ್ನೆ ಎನ್ನಿ. ಹಿಂದಕ್ಕೆ ನಡೆದರೆ 0, 6, 2. ಇನ್ನು 2ರಿಂದ 5 ಕಳೆಯಬೇಕು. ಸಾಲದಲ್ಲ ಎಂದು ಮಗು ತಡೆದರೆ ಉತ್ತರ ಹೇಳಿಕೊಡಬೇಡಿ. ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ಕೇಳಿ. ಲಾಲ್‌ಬಾಗ್ ಎಂದರೆ ಸರಿಯುತ್ತರ.