ಕ್ಲೌಸೆನ್‌ನಿಂದ ಅಕ್ಕನಿಗೆ

ಪ್ರೀತಿಯ ಅಕ್ಕ,

ಸುಖವಾಗಿ ತಲುಪಿದ್ದೇನೆ, ಅಮ್ಮನಿಗೆ ಹೇಳು. ಇಟಲಿಯ ಉತ್ತರದಂಚಿನ ಈ ಊರಲ್ಲಿ ಈಗ ನಡುರಾತ್ರಿ ದಾಟಿದೆ. ಐಸಾಕ್ ನದಿ, ದಡದ ಮೇಲೊಂದು ಬಂಡೆಗುಡ್ಡ, ಅದರ ನೆತ್ತಿಗೆ ಸೇಬೆನ್ ಮಠ: ಊರಿನ ವರ್ಣನೆ ಇಷ್ಟು ಸಾಕು. ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಸುಮಾರು 1501-02ರಲ್ಲಿ ತಾಮ್ರದ ತಗಡಿನ ಮೇಲೆ ಕೊರೆದ ‘ನೆಮೆಸಿಸ್’ ಅಚ್ಚುಚಿತ್ರದಲ್ಲಿ ದೇವತೆಯ ಕಾಲಡಿ ಕಾಣುವುದು ಇದೇ ಊರು. ಆ ಊರನ್ನು ಬಿಟ್ಟು ಆ ದೇವತೆಯನ್ನು ಅರ್ಥಮಾಡಿಕೊಳ್ಳಲು ಆಗುವುದಿಲ್ಲ ಎಂಬುದೇ ನಾನು ನಿನಗೆ ಬರೆಯಬೇಕೆಂದಿರುವ ಮಾತು.

ಚಿತ್ರದ ಮೇಲ್ಭಾಗದಲ್ಲಿ ರೆಕ್ಕೆಯುಳ್ಳ, ತುಂಬುಮೈಯ ಹೆಂಗಸೊಬ್ಬಳು ಗುಂಡಿನ ಮೇಲೆ ನಿಂತಿದ್ದಾಳೆ. ಒಂದು ಕೈಯಲ್ಲಿ ಮುಚ್ಚಳವಿರುವ ಬಟ್ಟಲು, ಇನ್ನೊಂದರಲ್ಲಿ ಕುದುರೆಯ ಕಡಿವಾಣ. ಉರುಳುವ ಗುಂಡು ಭಾಗ್ಯದೇವತೆ ಫಾರ್ಚುನಾಳ ಲಾಂಛನ. ಅದನ್ನಷ್ಟೇ ನೋಡಿದವರು ಬಹುಕಾಲ ಇವಳನ್ನೂ ಅವಳೆಂದೇ ಕರೆದರು. ಆದರೆ ಫಾರ್ಚುನಾ ಯೋಗ್ಯತೆ ನೋಡಿ ಕೊಡುವವಳಲ್ಲ. ಬಟ್ಟಲು ಅರ್ಹನಿಗೆ ಸಲ್ಲುವ ಬಹುಮಾನ, ಕಡಿವಾಣ ಸೊಕ್ಕಿದವನಿಗೆ ಹಾಕುವ ತಡೆ. ಇವೆರಡೂ ಸೇರಿದಾಗ ಅವಳು ತಕ್ಕ ಫಲ ಕೊಡುವ ಗ್ರೀಕ್ ದೇವತೆ ನೆಮೆಸಿಸ್. 1520-21ರ ನೆದರ್ಲೆಂಡ್ಸ್ ಪ್ರವಾಸದ ದಿನಚರಿಯಲ್ಲಿ ಡ್ಯೂರರ್ ತಾನೇ ಇದನ್ನು ಆ ಹೆಸರಿನಿಂದ ಕರೆದಿದ್ದಾನೆ. ಶಂಖ, ಚಕ್ರ, ಗದೆ, ಪದ್ಮಗಳು ಯಾವ ಕೈಗೆ ಯಾವುದು ಎಂಬುದರ ಮೇಲೆ ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಗುರುತಿಸುವ ನಮ್ಮವರಿಗೆ, ಲಾಂಛನವೊಂದನ್ನೇ ಕಿತ್ತು ನೋಡಬಾರದೆಂದು ಹೇಳಿಕೊಡಬೇಕಾಗಿಲ್ಲ.

ಮರೆಯುವ ಮೊದಲು: ಅಪ್ಪನ ಕಣ್ಣಿನ ಡ್ರಾಪ್ಸ್ ಮುಗಿಯುತ್ತ ಬಂದಿರಬೇಕು, ತರಿಸಿಡು. ಮನೆ ಕಂದಾಯವನ್ನೂ ಈ ತಿಂಗಳೇ ಕಟ್ಟಿಬಿಡು.

ಚಿತ್ರಕ್ಕೆ ಮರಳಿದರೆ, ಊರು ಬರೀ ಅಲಂಕಾರ, ಹಿಂದೆಂದೋ ಬರೆದಿಟ್ಟಿದ್ದ ನೋಟವನ್ನು ಡ್ಯೂರರ್ ಖಾಲಿ ಜಾಗಕ್ಕೆ ತುಂಬಿದ್ದಾನೆ ಎಂದು ನೀನು ಆಕ್ಷೇಪಿಸಬಹುದು. ಊರು ಎಡಬಲ ತಿರುಗಿ ಅಚ್ಚಾಗಿರುವುದೂ ನಿನ್ನ ವಾದಕ್ಕೆ ಬಲ ಕೊಟ್ಟಂತೆ ತೋರುತ್ತದೆ. ಆದರೆ ನೋಟವನ್ನು ಇದ್ದಂತೆಯೇ ತಗಡಿನ ಮೇಲೆ ಕೊರೆದರೆ ಕಾಗದದ ಮೇಲೆ ಅದು ತಿರುಗಿ ಮೂಡುವುದು ಈ ಕೆಲಸದ ಗುಣವೇ ಹೊರತು ಉದಾಸೀನವಲ್ಲ. ಜಾಗ ಖಾಲಿ ಬಿಡಲು ಅವನಿಗೆ ಬರುತ್ತಿತ್ತು. ಇದಕ್ಕಿಂತ ಮೊದಲಿನ, ಚಿಕ್ಕ ಅಳತೆಯ ಫಾರ್ಚುನಾ ಚಿತ್ರದಲ್ಲಿ ಅದೇ ಗುಂಡಿದೆ, ಹಿಂದೆ ಏನೂ ಇಲ್ಲ. ಇಲ್ಲಿ ಮಾತ್ರ ಸೇತುವೆ, ಮನೆಗಳನ್ನು ಅಷ್ಟು ಸೂಕ್ಷ್ಮವಾಗಿ ಕೊರೆದು, ಮೋಡದ ಪಟ್ಟಿಯೊಂದನ್ನು ನಡುವೆ ಎಳೆದಿದ್ದಾನೆ. ತೂಗಿ ನೋಡಿ ಕೊಡುವವಳಿಗೆ ತೂಗಿಸಿಕೊಳ್ಳುವ ಜನ ಬೇಕಲ್ಲ!

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ದೇವತೆಯ ಈ ವಿವರಗಳ ಮೂಲ ಇಟಲಿಯ ಪೊಲಿಜಿಯಾನೊ ಲ್ಯಾಟಿನ್‌ನಲ್ಲಿ ಬರೆದ ‘ಮಾಂಟೊ’ ಕಾವ್ಯವೆನ್ನುತ್ತಾರೆ. ಅದನ್ನು ಓದದವನಿಗೆ ಚಿತ್ರ ಹೇಗೆ ದಕ್ಕೀತು? ಪೂರ್ತಿ ದಕ್ಕದು, ಒಪ್ಪುತ್ತೇನೆ. ಲ್ಯಾಟಿನ್ ಬಲ್ಲ ಪಿರ್ಕ್‌ಹೈಮರ್‌ನಂಥ ಗೆಳೆಯ ಡ್ಯೂರರ್‌ನ ಪಕ್ಕದಲ್ಲಿದ್ದ. ಕೊಂಡವರೆಲ್ಲರಿಗೂ ಅಂಥ ಭಾಗ್ಯವಿರಲಿಲ್ಲ. ಆದರೂ ಆ ಬಟ್ಟಲನ್ನು ನೋಡು. ಅದು ಗ್ರೀಕರ ಕಾಲದ್ದಲ್ಲ. ಅವನ ಕಾಲದ ಜರ್ಮನ್ ಅಕ್ಕಸಾಲಿಗರು ಮಾಡುತ್ತಿದ್ದ ಬಗೆಯದು, ಮತ್ತು ಡ್ಯೂರರ್ ಅಕ್ಕಸಾಲಿಗನ ಮಗ. ಕಾವ್ಯ ಓದದ ನ್ಯೂರೆಂಬರ್ಗಿನವನಿಗೂ ಬಟ್ಟಲು ಗೌರವದ ಉಡುಗೊರೆ, ಕಡಿವಾಣ ಅಂಕೆ. ಅಂದರೆ ಪುರಾಣವನ್ನು ತನ್ನ ಕಾಲದವರ ಕೈಗೆಟುಕುವ ವಸ್ತುಗಳಲ್ಲೇ ಕಟ್ಟಿದ. ದೇವತೆಯ ಮೈಯನ್ನು ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್‌ನ ಅಳತೆಗೆ ಕೂಡಿಸಿದ್ದರಿಂದ ಇದು ಬರೀ ಅಂಗಾಂಗದ ಅಭ್ಯಾಸ ಎನ್ನುವವರೂ ಇದ್ದಾರೆ. ಅವರಿಗೆ ನನ್ನ ಉತ್ತರ ಆ ಮೈಯ ಭಾರದಲ್ಲೇ ಇದೆ. ಅಷ್ಟು ತೂಕದ ಮೈ ಅಷ್ಟು ಚಿಕ್ಕ ಗುಂಡಿನ ಮೇಲೆ ನಿಂತಿರುವಾಗ, ಅಳತೆ ಮತ್ತು ಅರ್ಥ ಎರಡನ್ನೂ ಬೇರೆ ಮಾಡುವುದಾದರೂ...